ಜೇನು ಪರೀಕ್ಷಕರಾದ ಶ್ರೀ ಪ್ರಿನ್ಸ್ ಅವರ ಸನ್ನಿಧಿಗೆ

ದರ್ಬೆ, ಪುತ್ತೂರು
ಮೇ, ೧೯೫೮

ಮಾನ್ಯರೇ,

ತಮ್ಮ ಎರಡು ಕಿವಿಗಳಿಗೂ, ಅದರಲ್ಲೂ ಸದಾ ಮಡಚಿಕೊಂಡೇ ಇರುವ ಎಡಗಿವಿಗೆ ವಿಶೇಷವಾಗಿಯೂ, ನನ್ನ ಅನಂತ ನಮಸ್ಕಾರಗಳು. ತಾವು ಮನೆಯ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ಸುಖವಾಗಿರುವುದನ್ನು ಕಿಟಕಿಯಿಂದ ನೋಡುತ್ತಲೇ ಬರೆಯುತ್ತಿರುವ ಕಾರಣ ಕ್ಷೇಮ ಸಮಾಚಾರ ಕೇಳುವ ವಾಕ್ಯವನ್ನು ಬಿಟ್ಟಿದ್ದೇನೆ. ತಾವು ನಾಯಿ, ಓದಲಾರಿರಿ ಎಂದು ನನ್ನ ಯಜಮಾನರಾದ ಅಚ್ಚುತ ಅವರು ಆಕ್ಷೇಪಿಸಿದ್ದುಂಟು. ಅವರು ಕಾರ್ಯದರ್ಶಿಯಾಗಿರುವ ಜೇನು ಮಾರಾಟ ಸಂಘದ ಪ್ರಕಟಣೆಗಳನ್ನು ಓದಬಲ್ಲವರೂ ಓದುವುದಿಲ್ಲವಾದ್ದರಿಂದ ಆ ಆಕ್ಷೇಪವನ್ನು ನಾನು ತಳ್ಳಿಹಾಕಿದ್ದೇನೆ.

ಮಂಗಳೂರಿನ ಕಾನ್ವೆಂಟಿನಲ್ಲಿ ಇಂಗ್ಲಿಷಿನಲ್ಲೇ ಸೀನಲು ಕಲಿತು, ಕಳೆದ ಮಾರ್ಚ್ ತಿಂಗಳಲ್ಲಿ ಮದುವೆಯಾಗಿ, ಸುಳ್ಯದ ತವರಿನಿಂದ ಒಂದು ಹೊಲಿಗೆ ಯಂತ್ರವನ್ನೂ ತಮ್ಮನ್ನೂ ಜೊತೆಯಲ್ಲಿ ಕರೆತಂದ ಪ್ರೇಮಾವತಿ ಎಂಬವಳು ನಾನೇ. ಹೊಲಿಗೆ ಯಂತ್ರದಿಂದ ಈವರೆಗೆ ಯಾರಿಗೂ ತೊಂದರೆಯಾಗಿಲ್ಲ.

ತಾವು ಅಧಿಕಾರಕ್ಕೆ ಬರುವ ಮುಂಚಿನ ಸಂಘ ಹೇಗಿತ್ತೆಂದು ತಮಗೆ ತಿಳಿಯದು. ಕಡಬದಿಂದಲೂ ಜಾಲ್ಸೂರಿನಿಂದಲೂ ಬೆಳಗಿನ ಬಸ್ಸುಗಳ ಮಾಡಿನ ಮೇಲೆ ಜೇನಿನ ಡಬ್ಬಗಳು ಬರುತ್ತಿದ್ದವು. ತಂದವರು ಅವನ್ನು ಸಂಘದ ಜಗಲಿಯ ಬೆಂಚಿನ ಮೇಲಿಟ್ಟು, ಯಾರ ಪೆಟ್ಟಿಗೆಯಿಂದ ಹುಳ ಹಾರಿಹೋಯಿತು, ಯಾರ ಕಾಡಿನಲ್ಲಿ ಯಾವ ಮರ ಹೂಬಿಟ್ಟಿತು ಎಂದು ಹರಟಿ, ಖಾಲಿ ಡಬ್ಬ ಹಿಡಿದುಕೊಂಡು ಹೋಗುತ್ತಿದ್ದರು. ಡಬ್ಬದ ಮೇಲೆ ಹೆಸರು ಬರೆಯುವ ಪದ್ಧತಿ ಇರಲಿಲ್ಲ. ಬರೆದರೆ ನಂಬಿಕೆಯಿಲ್ಲ ಎಂದಂತಾಗುತ್ತದೆ ಎಂದು ಎಲ್ಲರಿಗೂ ಸಂಕೋಚ. ಹೀಗಿರುವಾಗ ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ ವ್ಯಾಪಾರಿಯೊಬ್ಬರು ಒಂದು ಡಬ್ಬವನ್ನು ಹಿಂದಕ್ಕೆ ಕಳುಹಿಸಿದರು. ಅದರಲ್ಲಿ ಜೇನಿಗಿಂತ ಬೆಲ್ಲದ ಪಾಕವೇ ಹೆಚ್ಚಾಗಿತ್ತು. ಯಾರ ಕೈಚಳಕವೋ ಇಂದಿಗೂ ಗೊತ್ತಿಲ್ಲ.

ಯಾರೆಂದು ಗೊತ್ತಿಲ್ಲದ ಕಾರಣ ಎಲ್ಲರೂ ಅವರೇ ಆದರು. ಡಬ್ಬಗಳಿಗೆ ಹೆಸರು ಬಂತು, ಅರಗಿನ ಮುದ್ರೆ ಬಂತು, ಮುದ್ರೆ ಒಡೆಯುವಾಗ ನೋಡಲು ಸಾಕ್ಷಿಗಳು ಬಂದರು, ಸಾಕ್ಷಿಗಳ ಮೇಲೆ ಕಣ್ಣಿಡಲು ನಿರ್ದೇಶಕರು ಬಂದರು. ಜನ ಕುಳಿತು ಪಿಸುಗುಟ್ಟಬಾರದೆಂದು ಬೆಂಚನ್ನು ಒಳಗೆ ಸಾಗಿಸಲಾಯಿತು. ಜೇನು ಇಳಿಸಿದವರು ಬಿಸಿಲಿನಲ್ಲಿ ನಿಂತೇ ಕಾಯಬೇಕಾಯಿತು. ನನ್ನ ಯಜಮಾನರು ಮನೆಯಲ್ಲಿ ಕಾಫಿಯ ಲೋಟವನ್ನೂ ಬೆಳಕಿಗೆ ಹಿಡಿದು ನೋಡತೊಡಗಿದರು.

ಇಷ್ಟು ಸಾಲದೆಂದು ನಾನು ಬಾಯಿ ತೆರೆದೆ. ಶುದ್ಧ ಜೇನನ್ನು ನಾಯಿ ಮುಟ್ಟುವುದಿಲ್ಲ ಎಂಬ ಮಾತನ್ನು ಬಸ್ಸಿನಲ್ಲಿ ಯಾರೋ ಆಡಿದ್ದರು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿ, ನಡುವೆ 'ಸೈಂಟಿಫಿಕ್' ಎಂಬ ಪದವನ್ನು ಸೇರಿಸಿ, ಚಹಾಕ್ಕೆ ಬಂದಿದ್ದ ನಿರ್ದೇಶಕರ ಮುಂದಿಟ್ಟೆ. ಅವರೆಲ್ಲರ ಅಜ್ಜಿಯಂದಿರು ಎಂದೋ ಹೇಳಿ ಬಿಟ್ಟಿದ್ದ ಆ ಮಾತು ಕಾನ್ವೆಂಟಿನ ಉಚ್ಚಾರದಲ್ಲಿ ಕೇಳಿದ ಕೂಡಲೇ ವಿಜ್ಞಾನವಾಯಿತು, ಅಂದೇ ಸಂಜೆ ತಾವು ಪರೀಕ್ಷಕರಾದಿರಿ. ಹೆಮ್ಮೆಯಿಂದ ತಮ್ಮ ಕೊರಳಿಗೆ ರಿಬ್ಬನ್ ಕಟ್ಟಿದವಳೂ ನಾನೇ. ನನ್ನ ಅತ್ತೆ ಸೇವಂತಿಯವರು ಮಾತ್ರ ತಮ್ಮನ್ನು ಎಂದಿನಂತೆ 'ಪಿರಿಂಜಿ' ಎಂದು ಕರೆದು, ನಾಯಿ ಮೂತಿ ಹಾಕಿದ ಮೇಲೆ ಅದು ಜೇನು ಆದ್ರೆಂತ, ಬೆಲ್ಲ ಆದ್ರೆಂತ ಎಂದು ಕೇಳಿದರು. ಅದು ವಿಜ್ಞಾನದ ಪ್ರಶ್ನೆಯಲ್ಲವೆಂದು ನಿರ್ದೇಶಕರು ಚಹಾ ಮುಗಿಸಿ ಎದ್ದರು.

ತಮ್ಮ ಅರ್ಹತೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಮದುವೆಯಾದ ಹೊಸದರಲ್ಲಿ ನಾನು ಅತ್ತೆಯವರಿಗೆ 'ಹನಿಮೂನ್' ಎಂಬುದರ ಅರ್ಥವನ್ನು, ನಾಚಿಕೆಯಿಂದ ಅರ್ಧಕ್ಕೇ ನಿಲ್ಲಿಸಿ, ಜೇನಿನ ತಿಂಗಳು ಎಂದು ವಿವರಿಸಿದ್ದೆ. ಮಡಿಕೇರಿಗೆ ಹೋಗಲು ಯಜಮಾನರಿಗೆ ರಜೆ ಸಿಗಲಿಲ್ಲ; ಆದರೆ ಅತ್ತೆಯವರು ಅದನ್ನು ಕಾನ್ವೆಂಟಿನವರ ಯಾವುದೋ ವ್ರತವೆಂದು ತಿಳಿದು, ಸೊಸೆಗೆ ಕೊರತೆಯಾಗಬಾರದೆಂದು ಒಂದು ತಿಂಗಳು ಬೆಳಿಗ್ಗೆ ನೀರುದೋಸೆಗೂ ರಾತ್ರಿ ಹಾಲಿಗೂ ಜೇನು ಸುರಿದರು. ಅದೂ ಅಂತಿಂಥ ಜೇನಲ್ಲ, ಜಾಲ್ಸೂರಿನ ತ್ಯಾಂಪಣ್ಣನವರ ತುಡುವೆ ಜೇನು. ಬೇಡವೆನ್ನಲು ಧೈರ್ಯವಿಲ್ಲದೆ ನಾನು ಅದರಲ್ಲಿ ನೆನೆದ ದೋಸೆಯನ್ನು ಮೇಜಿನ ಕೆಳಗೆ ಸಾಗಿಸುತ್ತಿದ್ದೆ. ಅಲ್ಲಿ ಬಾಯಿ ತೆರೆದು ಕುಳಿತಿರುತ್ತಿದ್ದವರು ತಾವು.

ಇದೆಲ್ಲ ಗೊತ್ತಿದ್ದೂ ತಮ್ಮ ಹೆಸರನ್ನು ಹೇಗೆ ಸೂಚಿಸಿದೆ ಎಂದು ಯಾರಾದರೂ ಕೇಳಿದರೆ, ನನ್ನ ತಲೆಯಲ್ಲಿ ಎರಡು ಕೋಣೆಗಳಿವೆ ಎಂದಷ್ಟೇ ಹೇಳಬಲ್ಲೆ. ಇಂಗ್ಲಿಷಿನಲ್ಲಿ ಹೇಳಿದ್ದು ಒಂದರಲ್ಲಿರುತ್ತದೆ, ಕಣ್ಣಾರೆ ಕಂಡದ್ದು ಇನ್ನೊಂದರಲ್ಲಿ. ನಡುವೆ ಬಾಗಿಲಿಟ್ಟಿಲ್ಲ.

ಪರೀಕ್ಷೆಯ ದಿನ ಬಾಳೆಲೆಯ ಚೂರುಗಳ ಮೇಲೆ ಪ್ರತಿ ಡಬ್ಬದಿಂದಲೂ ಒಂದೊಂದು ಚಮಚ ಬಡಿಸಲಾಯಿತು. ಮೊದಲಿಗೆ ಹಿಂದಿರುಗಿ ಬಂದಿದ್ದ ಆ ಬೆಲ್ಲದ ಡಬ್ಬ. ತಾವು ಅದನ್ನು ಮೂಸಿ, ಮುಖ ತಿರುಗಿಸಿ, ಸೀನಿದಿರಿ. ಆ ಹೊತ್ತಿಗಾದರೂ ನಮಗೆ ಬುದ್ಧಿ ಬರಬೇಕಿತ್ತು; ಬದಲಾಗಿ, ತಾವು ಮುಟ್ಟಲಿಲ್ಲವಾದ್ದರಿಂದ ವ್ಯಾಪಾರಿಯದೇ ತಪ್ಪಿರಬೇಕು ಎಂದು ನಿರ್ದೇಶಕರು ಅದಕ್ಕೆ 'ಪರಿಶುದ್ಧ' ಎಂಬ ಚೀಟಿ ಅಂಟಿಸಿದರು. ಅನಂತರ ತ್ಯಾಂಪಣ್ಣನವರ ಜೇನು. ತಾವು ಅದನ್ನು ನೆಕ್ಕಿ, ಎಲೆಯನ್ನು ನೆಕ್ಕಿ, ಎಲೆಯ ಕೆಳಗಿನ ಸಿಮೆಂಟನ್ನು ನೆಕ್ಕಿ, ಬಾಲದಿಂದ ಅರಗಿನ ಡಬ್ಬಿಯನ್ನು ಉರುಳಿಸಿ, ಬಿಸಿಲಿನಲ್ಲಿ ನಿಂತಿದ್ದ ತ್ಯಾಂಪಣ್ಣನವರ ಮೊಣಕಾಲಿನ ಮೇಲೆ ಎರಡೂ ಮುಂಗಾಲಿಟ್ಟು ನಿಂತಿರಿ. ನಾಯಿ ಮುಟ್ಟಿದ ಜೇನು ಕಲಬೆರಕೆ ಎಂದು ನಿರ್ದೇಶಕರು ಬರೆದುಕೊಂಡರು. ಇಪ್ಪತ್ತು ವರ್ಷ ಈ ಸಂಘಕ್ಕೆ ಜೇನು ಕೊಟ್ಟ ಮನುಷ್ಯ ಬಗ್ಗಿ ತಮ್ಮ ತಲೆ ಸವರಿ, ಡಬ್ಬ ಎತ್ತಿಕೊಂಡು ಬಸ್ಸಿಗೆ ನಡೆದರು.

ಮಾನ್ಯರೇ, ತಾವು ಕೊಟ್ಟ ತೀರ್ಪಿನಲ್ಲಿ ಒಂದಕ್ಷರವೂ ತಪ್ಪಿಲ್ಲ. ತಲೆಕೆಳಗಾಗಿ ಓದಿದವರು ನಾವು.

ಮರುವಾರದಿಂದ ತ್ಯಾಂಪಣ್ಣನವರ ಜೇನು ಜಾಲ್ಸೂರಿನಲ್ಲೇ ಎದುರು ದಿಕ್ಕಿನ ಬಸ್ಸು ಹತ್ತಿ ಕಾಸರಗೋಡಿಗೆ ಹೋಗತೊಡಗಿತು. ಅವರ ಹಿಂದೆ ಆ ಕಡೆಯ ಉಳಿದವರೂ ಹೋದರು. ನಾಳೆ ತಂತಮ್ಮ ಡಬ್ಬಗಳ ಸರದಿ ಬಂದೀತೆಂದು ಕಡಬದವರೂ ಜೇನು ತರುವುದನ್ನು ನಿಲ್ಲಿಸಿದರು. ಉಳಿದ ಜೇನನ್ನಾದರೂ ಮಾರೋಣವೆಂದರೆ, ದರ್ಬೆಯ ಅಂಗಡಿಗಳಲ್ಲಿ ಅದಕ್ಕೆ 'ನಾಯಿ ಜೇನು' ಎಂಬ ಹೆಸರು ಬಿದ್ದಿತ್ತು. ಪಂಚಾಮೃತಕ್ಕೆ ಒಯ್ಯುತ್ತಿದ್ದವರು ಈಗ ಸಂಘದ ಎದುರು ಬಂದಾಗ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾರೆ. ನನ್ನ ಅತ್ತೆಯವರ ಪ್ರಶ್ನೆಗೆ ಊರು ಉತ್ತರ ಕೊಟ್ಟಿತು. ತ್ಯಾಂಪಣ್ಣನವರು ಮರಳದಿದ್ದರೆ ಬರುವ ವರ್ಷ ಸಂಘಕ್ಕೆ ಬೀಗ, ನನ್ನ ಯಜಮಾನರಿಗೆ ಬೇರೆ ಕೆಲಸ.

ಆದ್ದರಿಂದ ಕಳೆದ ಭಾನುವಾರ ಯಜಮಾನರೂ ನಾನೂ ಜಾಲ್ಸೂರಿಗೆ ಹೋದೆವು. ತಮ್ಮನ್ನು ಕಟ್ಟಿಹಾಕಿ ಹೋದದ್ದಕ್ಕೆ ಕ್ಷಮೆಯಿರಲಿ. ದಾರಿಯುದ್ದಕ್ಕೂ ನಾನು ಸಿದ್ಧಪಡಿಸಿದ್ದ ಕ್ಷಮಾಪಣೆಯ ಭಾಷಣ ಇಂಗ್ಲಿಷಿನಲ್ಲಿತ್ತು. ತ್ಯಾಂಪಣ್ಣನವರ ಎದುರು ನಿಂತಾಗ ಅದರ ಒಂದು ಪದಕ್ಕೂ ಕನ್ನಡ ಸಿಗಲಿಲ್ಲ. ಕೊನೆಗೆ ಹನಿಮೂನಿನಿಂದ ಹಿಡಿದು ಮೇಜಿನ ಕೆಳಗಿನ ದೋಸೆಯವರೆಗೆ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ. ಬೆಲ್ಲ ನೀರು ಕೊಟ್ಟು, ಒಳಗೆ ಹೋಗಿ, ಒಂದು ಸಣ್ಣ ಸೀಸೆ ತಂದು ನನ್ನ ಕೈಯಲ್ಲಿಟ್ಟರು. ಸಂಘ ಉಳಿಯಿತೆಂದು ನಾನು ಮುಖ ಅರಳಿಸುವಷ್ಟರಲ್ಲಿ ಅವರು ಹೇಳಿದರು: "ಸಂಘಕ್ಕೆ ಅಲ್ಲ ಅಕ್ಕ, ಇದು ನಾಯಿಗೆ. ಅಷ್ಟು ಜನ ಕೂತಿದ್ದಲ್ಲಿ ನನ್ನ ಜೇನಿನ ಗುರ್ತ ಸಿಕ್ಕಿದ್ದು ಅದಕ್ಕೆ ಒಂದಕ್ಕೇ."

ಆ ಸೀಸೆ ಈಗ ನನ್ನ ಮುಂದಿದೆ. ಇದು ತಮ್ಮ ಆಸ್ತಿ, ಇಂದು ಸಂಜೆಯೊಳಗೆ ದೋಸೆ ಸಮೇತ ತಲುಪುತ್ತದೆ, ಈ ಸಲ ಮೇಜಿನ ಮೇಲಿನಿಂದಲೇ. ಪ್ರತಿಯಾಗಿ ನನ್ನದೊಂದು ವಿನಂತಿ. ಯಜಮಾನರು ನಿನ್ನೆ ಅರಗು, ಮುದ್ರೆಗಳನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿ, ಬೆಂಚನ್ನು ಮತ್ತೆ ಜಗಲಿಗೆ ತಂದಿಟ್ಟಿದ್ದಾರೆ. ಅದರ ಮೇಲೆ ಡಬ್ಬವೂ ಇಲ್ಲ, ಜನವೂ ಇಲ್ಲ. ತಾವು ದಯಮಾಡಿ ದಿನವೂ ಅಲ್ಲಿ ಆಸೀನರಾಗಿ, ಜಾಲ್ಸೂರಿನ ಬಸ್ಸು ಬಂದು ನಿಂತಾಗ ಮಾಡಿನ ಕಡೆಗೆ ಮೂಗೆತ್ತಿ ನೋಡಬೇಕು. ಎಂದಾದರೂ ಆ ಪರಿಮಳ ಬಂದರೆ ಬಾಲ ಅಲ್ಲಾಡಿಸಬೇಕು. ಈ ಬಾರಿ ನಾವು ಅದನ್ನು ಸರಿಯಾಗಿ ಓದುತ್ತೇವೆ.

ಪತ್ರದ ಕೊನೆಗೆ 'ಯುವರ್ಸ್ ಫೇತ್‌ಫುಲಿ' ಎಂದು ಬರೆಯಲು ನನಗೆ ಕಲಿಸಿದ್ದಾರೆ. ನಾಯಿಗೆ ಹಾಗೆ ಬರೆಯುವ ಮೊದಲು ಅದನ್ನು ತುಸು ತಿದ್ದಿಕೊಂಡು,

ತಮ್ಮ ವಿಶ್ವಾಸಿಯಾಗಲು ಇನ್ನೂ ಕಲಿಯುತ್ತಿರುವ
ಪ್ರೇಮಾವತಿ ಅಚ್ಚುತ

ತಾ.ಕ.: ಬೆಲ್ಲ ಬೆರೆಸಿದ ಮಹನೀಯರು ಯಾರ ಹೆಗಲ ಮೇಲಿಂದಲೋ ಇದನ್ನು ಓದುತ್ತಿದ್ದರೆ, ಅವರ ಡಬ್ಬ ಭದ್ರವಾಗಿದೆ, 'ಪರಿಶುದ್ಧ' ಚೀಟಿಯೂ ಹಾಗೆಯೇ ಇದೆ, ಯಾವಾಗ ಬೇಕಾದರೂ ಬಂದು ಒಯ್ಯಬಹುದು. ಅವರು ನಮ್ಮಿಂದ ಒಯ್ದದ್ದು ಒಂದು ಡಬ್ಬದ ಬೆಲೆ ಮಾತ್ರ. ಮಿಕ್ಕದ್ದನ್ನೆಲ್ಲ ಕಳೆದವರು ನಾವೇ, ಸಾಕ್ಷಿಗಳ ಸಮಕ್ಷಮದಲ್ಲಿ.