ಎಣಿಕೆ ಮೇಷ್ಟ್ರ ಜೇಬಿನ ನಟ್ಟು

"ಏನ್ರೀ ಇದು? ಕಂಡದ್ದನ್ನೆಲ್ಲ ಜೇಬಿಗೆ ತುಂಬ್ಕೊಂಡು ಬರ್ತೀರಲ್ಲ!"

ಒಗೆಯಲು ಹಾಕಿದ್ದ ಅಂಗಿಯಿಂದ ತೆಗೆದ ನಟ್ಟೊಂದನ್ನು ಹೆಂಡತಿ ಮೇಜಿನ ಮೇಲೆ ಟಣ್ಣನೆ ಇಟ್ಟಳು. ಎಣಿಕೆ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಅದನ್ನೇ ನೋಡಿದರು.

"ಅದಿರ್ಲಿ, ನಲ್ಲಿ ಸೋರೋದು ನಿಂತಿದೆ ನೋಡಿದ್ರಾ? ನಿಮ್ಮ ಜೇಬಲ್ಲೇ ಸಿಕ್ಕ ಬಿಲ್ಲೆ ಹಾಕಿ ನಾನೇ ರಿಪೇರಿ ಮಾಡ್ದೆ" ಎಂದು ಅವಳು ಹೆಮ್ಮೆಯಿಂದ ಹೇಳಿದ್ದು ಅವರ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ಟೆಕ್ನಿಕಲ್ ಶಾಲೆಯಲ್ಲಿ ಎಂಜಿನ್ ಪಾಠ ಹೇಳುವ ಈ ಮೇಷ್ಟ್ರು ಮೆಟ್ಟಿಲನ್ನೂ ಎಣಿಸಿಯೇ ಹತ್ತುವವರು, ಬೀಗ ಹಾಕಿ ಮೂರು ಸಲ ಎಳೆದು ನೋಡುವವರು. ಸ್ಟೂಲು ಹತ್ತಿ ಬಲ್ಬು ಬದಲಾಯಿಸಿದರೂ ತಲೆ ಸುತ್ತುವ ಜೀವ. ಎಂಟು ತಿಂಗಳ ಹಿಂದೆ, ಹೊಲಗಳಿಗೆ ವಿಮಾನದಿಂದ ಔಷಧಿ ಹೊಡೆಯುವ ಪೈಲಟ್ಟಮ್ಮ ತಮ್ಮ ಪುಟ್ಟ ವಿಮಾನದ ಎಂಜಿನ್ನನ್ನು ಶಾಲೆಗೆ ತಂದಿದ್ದರು. "ಪೂರ್ತಿ ಬಿಚ್ಚಿ, ಸವೆದದ್ದು ಬದಲಾಯಿಸಿ, ಜೋಡಿಸಿ ಕೊಡಿ. ಒಂದೇ ಷರತ್ತು. ಸರಿಯಾಗಿದೆ ಅಂತ ಯಾರು ಸೈನ್ ಹಾಕ್ತಾರೋ ಅವರು ಮೊದಲ ಹಾರಾಟದಲ್ಲಿ ನನ್ನ ಪಕ್ಕ ಕೂತ್ಕೋಬೇಕು."

ಎಂಟು ತಿಂಗಳಲ್ಲಿ ಏನು ಬೇಕಾದರೂ ಆಗಬಹುದು ಎಂದುಕೊಂಡು ಮೇಷ್ಟ್ರು ತಲೆಯಾಡಿಸಿದ್ದರು. ಏನೂ ಆಗಲಿಲ್ಲ. ನಿನ್ನೆ ವಿಮಾನಕ್ಕೆ ಎಂಜಿನ್ ಕೂರಿಸಿದ್ದಾಯಿತು, ಸೈನೂ ಹಾಕಿದ್ದಾಯಿತು, ಪೈಲಟ್ಟಮ್ಮ ಅವರ ಹೆಗಲು ತಟ್ಟಿ ಹೋಗಿದ್ದೂ ಆಯಿತು. ಹಾರಾಟ ಇವತ್ತು ನಾಲ್ಕು ಗಂಟೆಗೆ.

ನಟ್ಟನ್ನು ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು ಮೇಷ್ಟ್ರು ಶಾಲೆಯ ಸ್ಟೋರಿಗೆ ಓಡಿದರು. ಸ್ಟೋರ್ ಗುಮಾಸ್ತ ರಿಜಿಸ್ಟರ್ ತೆರೆದು, ಕನ್ನಡಕ ಏರಿಸಿ, ಬೆರಳಿಟ್ಟು ತೋರಿಸಿದ.

"ನಟ್ಟುಗಳೆಲ್ಲ ಎಂಜಿನ್ನಲ್ಲೇ ಇವೆ ಸಾರ್, ಇಲ್ನೋಡಿ."

"ಹಂಗಾದ್ರೆ ನನ್ನ ಕೈಲಿರೋದು ಏನಪ್ಪಾ?"

"ರಿಜಿಸ್ಟರ್ ಪ್ರಕಾರ ಅದು ನಟ್ಟೇ ಅಲ್ಲ ಸಾರ್."

ಇದನ್ನು ಕೇಳಿಸಿಕೊಂಡ ವೆಲ್ಡಿಂಗ್ ಮೇಷ್ಟ್ರು ಕರೆಯದೇ ಬಂದು ಕೂತರು. "ಒಂದು ನಟ್ಟಿಗೆ ಯಾಕ್ರೀ ತಲೆ ಕೆಡಿಸ್ಕೋತೀರಾ? ನಮ್ಮ ಪ್ರಿನ್ಸಿಪಾಲರಿಗೆ ಎಷ್ಟು ಸ್ಕ್ರೂ ಲೂಸಿದೆ, ಶಾಲೆ ನಡೀತಾ ಇಲ್ವಾ?"

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಪ್ರಿನ್ಸಿಪಾಲರೇ. ಅದೃಷ್ಟಕ್ಕೆ ಅವರು ಕೇಳಿಸಿಕೊಂಡಿದ್ದು ನಟ್ಟಿನ ವಿಷಯ ಮಾತ್ರ.

"ಮೇಷ್ಟ್ರೇ, ಹುಡುಗರ ಅಪ್ಪ ಅಮ್ಮಂದಿರಿಗೆಲ್ಲ ಮೈದಾನಕ್ಕೆ ಬರೋಕೆ ಹೇಳಿ ಕಳಿಸಿಯಾಗಿದೆ. ಈಗ ಬಾಯ್ಬಿಟ್ರೆ ಶಾಲೆ ಮಾನ ಹರಾಜು. ಸುಮ್ನೆ ಹೋಗಿ ಕೂತ್ಕೊಳ್ಳಿ. ಹತ್ತೇ ನಿಮಿಷ!"

ಬೀಳೋಕೆ ಹತ್ತು ನಿಮಿಷವೂ ಬೇಕಿಲ್ಲವಲ್ಲ ಎಂದು ಮೇಷ್ಟ್ರಿಗೆ ಅನ್ನಿಸಿತು. ಹೇಳಿದರೆ ಮಾನ, ಹೇಳದಿದ್ದರೆ ಪ್ರಾಣ. ಅತ್ತ ದರಿ, ಇತ್ತ ಪುಲಿ. ಮಧ್ಯಾಹ್ನದ ಬುತ್ತಿ ಬಿಚ್ಚಲೇ ಇಲ್ಲ. ಗಡಿಯಾರವನ್ನು ಹದಿನೇಳು ಸಲ ನೋಡಿದರು, ಅದನ್ನೂ ಎಣಿಸಿದರು.

ನಾಲ್ಕು ಗಂಟೆಗೆ ಮೈದಾನದಲ್ಲಿ ಹುಡುಗರು ಚಪ್ಪಾಳೆ ತಟ್ಟಿದರು. ಪೈಲಟ್ಟಮ್ಮ ನಗುತ್ತಾ ವಿಮಾನದ ಬಾಗಿಲು ತೆರೆದರು. ಮೇಷ್ಟ್ರು ಒಂದು ಕಾಲು ಒಳಗಿಟ್ಟರು. ಇನ್ನೊಂದು ಕಾಲು ನೆಲ ಬಿಡಲಿಲ್ಲ.

"ಅಮ್ಮಾ, ತಪ್ಪಾಯ್ತು! ಎಂಜಿನ್ನಿಂದು ಒಂದು ಸಾಮಾನು ಮಿಕ್ಕಿದೆ. ನನ್ನ ಜೇಬಲ್ಲಿತ್ತು!"

ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು. ಮೇಷ್ಟ್ರು ಕರವಸ್ತ್ರದ ಗಂಟು ಬಿಚ್ಚುವ ಮೊದಲೇ ಪೈಲಟ್ಟಮ್ಮ ಗಹಗಹಿಸಿ ನಕ್ಕರು.

"ಅದನ್ನ ನಿಮ್ಮ ಜೇಬಿಗೆ ಹಾಕಿದ್ದು ನಾನೇ ಮೇಷ್ಟ್ರೇ, ನಿನ್ನೆ ಹೆಗಲು ತಟ್ಟುವಾಗ! ನನ್ನ ಎಂಜಿನ್ ಮುಟ್ಟಿದೋರಿಗೆಲ್ಲ ಈ ಪರೀಕ್ಷೆ ಇದ್ದದ್ದೇ. ಇಲ್ಲೀವರೆಗೆ ನಾಲ್ಕು ಜನ ಮರ್ಯಾದೆಗೆ ಅಂಜಿ ಬಾಯಿ ಮುಚ್ಕೊಂಡು ಕೂತ್ರು. ನಿಜ ಹೇಳಿದ್ದು ನೀವೊಬ್ರೇ. ಈಗ ನಂಬಿಕೆ ಬಂತು, ಹತ್ತಿ!"

ಮೇಷ್ಟ್ರಿಗೆ ಅಳು ಬರುವಷ್ಟು ಸಮಾಧಾನವಾಯಿತು. ಪ್ರಿನ್ಸಿಪಾಲರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ವಿಮಾನ ಓಡಿತು, ಎದ್ದಿತು. ಶಾಲೆ ಬೆಂಕಿಪೊಟ್ಟಣದಷ್ಟಾಯಿತು. ಜೀವಮಾನದಲ್ಲಿ ಮೊದಲ ಸಲ ಮೇಷ್ಟ್ರು ಎತ್ತರದಿಂದ ಕೆಳಗೆ ನೋಡಿದರು, ತಲೆ ಸುತ್ತಲಿಲ್ಲ. ಸಣ್ಣಗೆ ನಕ್ಕರು ಕೂಡ.

ಪೈಲಟ್ಟಮ್ಮ ಕೈ ಚಾಚಿದರು. "ಎಲ್ಲಿ, ನನ್ನ ವಾಷರ್ ವಾಪಸ್ ಕೊಡಿ. ಮುಂದಿನವರಿಗೆ ಬೇಕಾಗುತ್ತೆ."

"ವಾಷರ್ರಾ?"

"ಹೂಂ, ತಾಮ್ರದ್ದು. ಚಪ್ಪಟೆ ಬಿಲ್ಲೆ."

ಮೇಷ್ಟ್ರು ಗಂಟು ಬಿಚ್ಚಿದರು. ಒಳಗಿದ್ದದ್ದು ಕಬ್ಬಿಣದ ನಟ್ಟು. ಸೋರುವುದು ನಿಂತ ನಲ್ಲಿಯ ಬಗ್ಗೆ ಹೆಂಡತಿ ಹೇಳಿದ್ದು ಆಗ ತಲೆಗೆ ಹೋಯಿತು.

ಅವರು ಮೆಲ್ಲಗೆ ಮತ್ತೆ ಗಂಟು ಹಾಕಿದರು.

"ಕೊಡ್ತೀನಮ್ಮ. ಮೊದಲು ಕೆಳಗಿಳಿಸಿ."