ಹೊಗೆಯ ಇಟ್ಟಿಗೆ

ಹೊಗೆ ಕಂಡರೆ ನಾವು ಮೂಗು ಮುಚ್ಚುತ್ತೇವೆ. ನನ್ನ ತಂಗಿಯ ಗಂಡ ಚೀಲ ಬಿಚ್ಚುತ್ತಿದ್ದ!

ತೊಂಬತ್ತರ ದಶಕದ ಮಾತು. ನಾನು ಎರ್ನಾಕುಲಂನಲ್ಲಿ ಐದಕ್ಕೆ ಎದ್ದು ಆರಕ್ಕೆ ವಾಕಿಂಗ್ ಮುಗಿಸುವ ಮನುಷ್ಯ. ಆತ ದೂರದ ಶ್ರೀಕಾರ್ಯಂನಲ್ಲಿ ರಸಾಯನ ವಿಜ್ಞಾನಿ. ವಿದ್ಯುತ್ ಸ್ಥಾವರದ ಹೊಗೆಯನ್ನು ಕಲ್ಲಾಗಿಸಬೇಕೆಂಬುದು ಆತನ ಹಟ. ಸುಣ್ಣದ ತಿಳಿಗೆ ಹೊಗೆ ಹಾಯಿಸಿದರೆ ತಳದಲ್ಲಿ ಬಿಳಿ ಪುಡಿ ಕೂರುತ್ತದಂತೆ. "ಆಕಾಶಕ್ಕೆ ಹೋಗೋದನ್ನ ಗೋಡೆಗೆ ಕಳಿಸ್ತೀನಿ, ಭಾವ!"

ತಿಂಗಳಿಗೊಮ್ಮೆ ನಮ್ಮೂರ ಪಕ್ಕದ ಕಳಮಶ್ಶೇರಿಗೆ ಬಂದು, ಒಂದು ಕಾರ್ಖಾನೆಯ ಪವರ್ ಹೌಸಿನ ಚಿಮಣಿಯಿಂದ ಲಾರಿ ಟ್ಯೂಬುಗಳಿಗೆ ಹೊಗೆ ತುಂಬಿಸಿ ರೈಲಿನಲ್ಲಿ ಒಯ್ಯುತ್ತಿದ್ದ. ಒಮ್ಮೆ ಟಿಕೆಟ್ ಪರೀಕ್ಷಕ ಕೇಳಿದ, "ಸಾರೇ, ಇದಿಲ್ ಎಂದಾ?" ಇದರಲ್ಲೇನು ಅಂತ.

"ಪುಗ," ಎಂದ ಈತ, ಅಂದರೆ ಹೊಗೆ. "ಕಲ್ಲು ಮಾಡೋಕೆ."

ಪರೀಕ್ಷಕ ಟಿಕೆಟ್ ಕೇಳುವುದನ್ನೇ ಮರೆತು ಮುಂದಿನ ಬೋಗಿಗೆ ನಡೆದ!

ಸುಣ್ಣಕ್ಕೆ ಹಿನ್ನೀರಿನ ಚಿಪ್ಪು ಸುಡುತ್ತಿದ್ದ. ಒಂದು ದಿನ ತಂಗಿ ಕೇಳಿದಳು, "ರೀ, ಸುಡುವಾಗಲೂ ಅದೇ ಹೊಗೆ ಬರುತ್ತಲ್ವಾ?" ಎರಡು ದಿನ ಆತ ಚಿಪ್ಪು ಸುಡಲಿಲ್ಲ. ಮೂರನೆಯ ದಿನ ವೆಲ್ಡಿಂಗ್ ಅಂಗಡಿಗಳವರು ಚೆಲ್ಲುವ ಕಾರ್ಬೈಡ್ ಕೆಸರು ಹಿತ್ತಿಲಿಗೆ ಬಂದು ಬಿತ್ತು. ಅದೂ ಸುಣ್ಣವೇ, ಸುಡುವ ಕೆಲಸವಿಲ್ಲ! "ನೋಡಣ್ಣ, ಬೇರೆಯವರ ಗಂಡಂದಿರು ತರಕಾರಿ ತರ್ತಾರೆ," ಎಂದಳು ಅವಳು.

ಆ ಮನೆಯಲ್ಲಿ ಕೊಳವೆಯಿಂದ ಸುಣ್ಣದ ತಿಳಿಗೆ ಊದದವರಿಗೆ ಕಾಫಿ ಇಲ್ಲ. ನಮ್ಮ ಉಸಿರಲ್ಲೂ ಹೊಗೆಯಲ್ಲಿರುವ ಅದೇ ಅನಿಲವಿದೆಯಲ್ಲ! ಬಂದ ಪುಡಿಯನ್ನು ಸೀಸೆಗೆ ಹಾಕಿ ಹೆಸರು, ತಾರೀಕು ಅಂಟಿಸುತ್ತಿದ್ದ. ನಾನು ಎಣಿಸಿ ಹತ್ತು ಸಲ ಊದಿದೆ. ತಂಗಿ ನಗುತ್ತಾ ಊದಿ ಅರ್ಧ ನೀರು ಚೆಲ್ಲಿದಳು. "ನಗ್ತಾ ಊದಿದ್ದು ಪ್ರಯೋಗಕ್ಕೆ ಬರಲ್ಲ!" ಎಂದು ಗದರಿದ.

ಮರುವರ್ಷ ಜ್ವರ ಬಂದು ತಂಗಿ ಹೋಗಿಬಿಟ್ಟಳು. ಆತ ಇನ್ನಷ್ಟು ಟ್ಯೂಬು ಹೊತ್ತ.

ಕೊನೆಗೂ ಕಾರ್ಖಾನೆಯ ಅಧಿಕಾರಿಗಳು ಒಂದು ಷರತ್ತು ಹಾಕಿದರು: ಇಡೀ ಇಟ್ಟಿಗೆ ತಂದು ತೋರಿಸಿದರೆ ಪವರ್ ಹೌಸಿನಲ್ಲೇ ಪ್ರಯೋಗಕ್ಕೆ ಜಾಗ. ತೋರಿಸುವ ಹಿಂದಿನ ದಿನ ಅಚ್ಚು ತುಂಬಲು ನಾನೂ ಕೂತೆ. ಒಂದು ಮೂಲೆಗೆ ಪುಡಿ ಸಾಲದು. ಕಪಾಟಿನ ಸೀಸೆಗಳನ್ನೆಲ್ಲ ಸುರಿದೆ, ನನ್ನದನ್ನೂ. ಕೊನೆಯದಕ್ಕೆ ಕೈ ಹಾಕಿದಾಗ ಆತ ನನ್ನ ಮಣಿಕಟ್ಟು ಹಿಡಿದುಕೊಂಡ. ಚೀಟಿಯಲ್ಲಿ ತಂಗಿಯ ಹೆಸರಿತ್ತು, ತಾರೀಕಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ: ನಗುತ್ತಾ ಊದಿದ್ದು.

ಮರುದಿನ ಅಧಿಕಾರಿ ಇಟ್ಟಿಗೆಯನ್ನು ತಿರುಗಿಸಿ ನೋಡಿದರು. "ಒಂದು ಮೂಲೆ ಇಲ್ವಲ್ರೀ?"

ಸಾಗಿಸುವಾಗ ಮುರಿಯಿತು ಎನ್ನಲು ನಾನು ಸಿದ್ಧನಾಗಿದ್ದೆ. ಆತ ಬಿಡಲಿಲ್ಲ.

"ಅದು ಮನೇಲಿದೆ, ಸರ್."