ಮೊದಲ ಸಾಲಿನ ಶ್ರೀ

"ಬೈಯೋರ್ನ ನಂಬು, ಸುಮ್ಮನಿರೋರ್ನ ನಂಬಬ್ಯಾಡ" ಎಂದು ಮೊದಲು ನನಗೆ ಹೇಳಿದವರು ಮಾನ್ವಿಯ ನಮ್ಮ ಅತ್ತೆ. ಅವರು ಹೇಳಿದ್ದು ನೆಂಟರ ಬಗ್ಗೆ. ಕಂಪ್ಯೂಟರಿಗೂ ಅದು ಹೊಂದುತ್ತದೆಂದು ತಿಳಿಯಲು ನಾನು ಮೂರು ಊರಲ್ಲಿ ಮರ್ಯಾದೆ ಕಳೆದುಕೊಳ್ಳಬೇಕಾಯಿತು. ನನಗೆ ಇಂಥವು ಆಗುತ್ತಲೇ ಇರುತ್ತವೆ.

ನಾನು ದೇವದುರ್ಗದ ಕಾಲೇಜಿನಲ್ಲಿ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ವರ್ಷಾವರ್ಷ ಚೀಲ ಕಟ್ಟಿಕೊಂಡೇ ಕೂತವಳು. ಈ ಸಲ ರಾಯಚೂರಿನ ಕಾಲೇಜೊಂದರಲ್ಲಿ ಕಾಯಂ ಕೆಲಸ ಖಾಲಿಯಿತ್ತು. ಅದಕ್ಕೊಂದು ಡೆಮೊ ಪಾಠ: ತಪ್ಪನ್ನು ಸಹಿಸದ ಸ್ಟ್ರಿಕ್ಟ್ ಮೋಡಿನಲ್ಲಿ, ಬೆಲೆಗಳನ್ನು ಸಾಲಾಗಿ ಇಟ್ಟುಕೊಳ್ಳುವ ಅರೇ ಹೇಗೆ ನಡೆದುಕೊಳ್ಳುತ್ತದೆ?

೧. ಸೊನ್ನೆ ಸೀಟು

ಮೊದಲು ದೇವದುರ್ಗದ ನನ್ನ ಕ್ಲಾಸಿನ ಮೇಲೆ ಪ್ರಯೋಗ.

"ಅರೇ ಅಂದ್ರ ಬಸ್ಸು. ಸಾಲಾಗಿ ಸೀಟು ಇರ್ತಾವ. ಆದ್ರ ಎಣಿಕಿ ಸೊನ್ನಿಯಿಂದ ಶುರು."

"ಸೊನ್ನಿ ಸೀಟು ಯಾರ್ದ್ರೀ ಮೇಡಂ?" ಎಂದಳು ಒಬ್ಬಳು.

ನನಗೆ ಬೇರೇನೂ ಹೊಳೆಯಲಿಲ್ಲ. "ಡ್ರೈವರಂದು" ಎಂದುಬಿಟ್ಟೆ.

ಪರೀಕ್ಷೆಯಲ್ಲಿ ಅರ್ಧ ಕ್ಲಾಸು ಬರೆದಿತ್ತು: "ಅರೇಯ ಮೊದಲ ಬೆಲೆಯನ್ನು ಅಳಿಸಬಾರದು. ಅಳಿಸಿದರೆ ಉಳಿದವರಿಗೆ ಅಪಘಾತ."

೨. ಬಾಯಿ ಕಟ್ಟಿದ ಭರಣಿ

ಆಮೇಲೆ ಮಾನ್ವಿಯ ಮನೆಯಲ್ಲಿ, ಅತ್ತೆಯ ಮುಂದೆ ತಾಲೀಮು.

"ಫ್ರೀಜ್ ಮಾಡಿದ ಅರೇ ಅಂದ್ರ ಬಾಯಿ ಕಟ್ಟಿದ ಉಪ್ಪಿನಕಾಯಿ ಭರಣಿ ನೋಡ್ರಿ ಅತ್ತಿ. ಒಳಗಿಂದು ಬದಲು ಮಾಡಾಕ ಬರಂಗಿಲ್ಲ. ಸಾದಾ ಮೋಡಿನ್ಯಾಗ, ಬದಲು ಮಾಡು ಅಂದ್ರ ಒಲ್ಲೆ ಅನ್ನಂಗಿಲ್ಲ, ಮಾಡೂದೂ ಇಲ್ಲ."

"ನಿನ್ನ ಗಂಡ, ಬಿಡು."

"ಸ್ಟ್ರಿಕ್ಟ್ ಮೋಡಿನ್ಯಾಗ ಕೈ ಹಚ್ಚಿದ ಕೂಡ್ಲೇ ಬೈತದ."

ಅತ್ತೆ ಸೆರಗು ಸರಿಮಾಡಿಕೊಂಡರು. "ಇಷ್ಟು ವರ್ಷ ನನ್ನ ಕೂಡ ಇದ್ದು, ಇದನ್ನ ಪುಸ್ತಕದಾಗ ಓದಬೇಕಾತೇನ ನಿನಗ?"

೩. ಶ್ರೀ

ಡೆಮೊ ದಿನ. ಎದುರಿಗೆ ಪ್ರಿನ್ಸಿಪಾಲರು, ಇಬ್ಬರು ಪರೀಕ್ಷಕರು.

ನಾನು ಸಂತೆಯ ಚೀಟಿಗೂ ಮೇಲೆ ಶ್ರೀ ಬರೆಯುವವಳು. ರೂಢಿಯಂತೆ ಮೊದಲ ಸಾಲಿನಲ್ಲಿ, ಪರದೆಯ ಮೇಲೆ "ಶ್ರೀ" ಮೂಡಿಸುವ ಆಜ್ಞೆ ಹಾಕಿದೆ. ಎರಡನೆಯದರಲ್ಲಿ, ಸ್ಟ್ರಿಕ್ಟ್ ಮೋಡನ್ನು ಕರೆಯುವ "ಯೂಸ್ ಸ್ಟ್ರಿಕ್ಟ್". ಕೆಳಗೆ ಫ್ರೀಜ್ ಮಾಡಿದ ಅರೇಯಲ್ಲಿ ಮೂರು ಊರು: ಮಲ್ಲಟ, ಬಾಗಲವಾಡ, ದೇವಸುಗೂರು. ಮಲ್ಲಟದ ಜಾಗದಲ್ಲಿ ಮಾನ್ವಿ ಹಾಕು ಎಂದು ಬರೆದೆ.

"ಈಗ ನೋಡ್ರಿ ಸರ್, ಹೆಂಗ ಬೈತದ!"

ಶ್ರೀ ಬಂತು. ಬೈಗುಳ ಬರಲಿಲ್ಲ. ಮತ್ತೆ ಒತ್ತಿದೆ. ಮತ್ತೆ ಶ್ರೀ. ಐದನೆಯ ಸಲಕ್ಕೆ ಅದು ನಾಮಜಪವೇ ಆಗಿತ್ತು. ಕಾಯಂ ಕೆಲಸ ಕಣ್ಣೆದುರೇ ರಾಯಚೂರು ಬಿಟ್ಟು ಹೊರಟಿತ್ತು.

"ಭಾಳ ಸಂಭಾವಿತ ಅದರೀ ನಿಮ್ಮ ಕಂಪ್ಯೂಟರ್" ಎಂದರು ಪ್ರಿನ್ಸಿಪಾಲರು.

ಸುಮ್ಮನಿರೋರ್ನ ನಂಬಬ್ಯಾಡ! ಮೇಲಿನಿಂದ ಒಂದೊಂದೇ ಸಾಲು ನೋಡಿದೆ. "ಯೂಸ್ ಸ್ಟ್ರಿಕ್ಟ್" ಎಲ್ಲಕ್ಕಿಂತ ಮೊದಲಿರಬೇಕು. ಬೇರೊಂದು ಆಜ್ಞೆಯ ಕೆಳಗೆ ಕೂತರೆ ಅದನ್ನು ಯಾರೂ ಕೇಳುವುದಿಲ್ಲ. ಕೈಮುಗಿದು ಶ್ರೀಯನ್ನು ಒಂದು ಸಾಲು ಇಳಿಸಿ ಒತ್ತಿದೆ. ಪರದೆ ತುಂಬ ಕೆಂಪಕ್ಷರದ ಬೈಗುಳ!

"ಬೈತ್ರೀ ಸರ್, ಬೈತು!" ಎಂದು ಚಪ್ಪಾಳೆ ತಟ್ಟಿದೆ.

ಪ್ರಿನ್ಸಿಪಾಲರು ಪಕ್ಕದವರತ್ತ ಬಾಗಿದರು: "ಬೈಸಿಕೊಂಡು ಇಷ್ಟು ಖುಷಿಪಡೋರು ನಮ್ಮ ಕಾಲೇಜಿಗೆ ಬೇಕೇ ಬೇಕು. ತಗೋರಿ ಇವರನ್ನ."

ನೀವೂ ಇದನ್ನು ಇನ್ನೊಬ್ಬರಿಗೆ ಹೇಳಿ. ಹೇಳುವಾಗ ಮೊದಲ ಸಾಲಿನಲ್ಲಿ ಅತ್ತೆ ಇರಲಿ; ಶ್ರೀ ಆಮೇಲೆ.